ಪದ ಬೇಕು: ‘ರೆಡ್‌ಬ್ಯಾಕ್’, ‘ಫನೆಲ್‌ವೆಬ್’ ಜೇಡಗಳಿಗೆ (ಶುಕ್ರವಾರದೊಳಗೆ)

ಎಲ್ಲರಿಗೂ ನಮಸ್ಕಾರ.

ಊರಿನಿಂದ ಸಿಡ್ನಿಗೆ, ಮಕ್ಕಳ ಮನೆಗೆ ಬರುವ ಹಿರಿಯರಿಗಾಗಿ ಒಂದು ಪುಟದ ಕರಪತ್ರ ಶುಕ್ರವಾರ ಅಚ್ಚಿಗೆ ಹೋಗಬೇಕು. ಮೂರು ಕಡೆ ಸಿಕ್ಕಿಕೊಂಡಿದೆ. (1) ರೆಡ್‌ಬ್ಯಾಕ್, ಫನೆಲ್‌ವೆಬ್ ಹೆಸರುಗಳನ್ನು ಕನ್ನಡಿಸಬೇಕೇ? (2) ಕಚ್ಚಿ ವಿಷ ಏರಿಸುವ ಜೇಡಕ್ಕೂ ತಿಂದರೆ ವಿಷವಾಗುವ ಅಣಬೆಗೂ ‘ವಿಷಕಾರಿ’ ಎಂದೇ ಬರೆಯುತ್ತೇವೆ. ಬೇರೆ ಪದ ಉಂಟೇ? (3) ‘ಪ್ರೆಷರ್ ಬ್ಯಾಂಡೇಜನ್ನು ಬಿಗಿಯಾಗಿ ಕಟ್ಟಿ’ ಎಂದು ಕರಡಿನಲ್ಲಿದೆ. ಸರಿಯೇ?

— ಎಸ್.

---

ಕೆಂಬೆನ್ನ ಜೇಡ, ಲಾಳಿಕೆಬಲೆ ಜೇಡ. ಕೆಂಗಣ್ಣು, ಕೆಂದುಟಿ ಇರುವ ಭಾಷೆಗೆ ಕೆಂಬೆನ್ನು ಭಾರವಲ್ಲ. ‘ವಿಷ’ ಸಂಸ್ಕೃತ, ‘ನಂಜು’ ನಮ್ಮದು. ನಂಜುಜೇಡ ಎನ್ನಿ, ಎರಡನೆಯದೂ ಮುಗಿಯಿತು.

ಜೇಡ ಎಂದರೆ ನೇಕಾರ ಎಂಬುದು ಗಮನದಲ್ಲಿರಲಿ. ಜೇಡರ ದಾಸಿಮಯ್ಯನ ಜೇಡ ಇದೇ. ನೇಕಾರನ ಕೈಯಲ್ಲಿ ಲಾಳಿ, ಈ ಜೇಡದ ಬಲೆ ಲಾಳಿಕೆ. ಬೇರು ಒಂದೇ ಇರಬೇಕು.

— ವಿ. ರಾ.

---

ರಾಯರೇ, ಲಾಳಿಕೆಗೆ ‘ಆಲಿಕೆ’ ಎಂಬ ರೂಪವೂ ಇದೆ. ಲಾಳಿಯನ್ನು ‘ಆಳಿ’ ಎಂದವರನ್ನು ತೋರಿಸಿ, ಆಮೇಲೆ ಮಾತಾಡೋಣ.

ನಂಜು ಬೇಡವೇ ಬೇಡ. ‘ಗಾಯಕ್ಕೆ ನಂಜಾಗಿದೆ’, ‘ಬದನೆಕಾಯಿ ನಂಜು’ ಎನ್ನುವವರಿಗೆ ಇದು ಕೀವು, ತುರಿಕೆಯ ಮಾತು. ಅರಿಸಿನ ಹಚ್ಚಿ ಕೂರುತ್ತಾರೆ. ವಿಷದ ಹಾವು ಎಂದಂತೆ ವಿಷದ ಜೇಡ ಎಂದರಾಯಿತು. ಅಣಬೆಗೆ ‘ತಿಂದರೆ ವಿಷ’.

ಹೆಸರು ಹಾಗೇ ಇರಲಿ. ಇಲ್ಲಿನ ತುರ್ತು ಸಂಖ್ಯೆ 000ಕ್ಕೆ ಕರೆ ಮಾಡಿ ‘ಲಾಳಿಕೆಬಲೆ’ ಎಂದರೆ ಆ ಕಡೆಯವರಿಗೆ ಏನು ತಿಳಿಯಬೇಕು? ಹೆಸರಿನ ಪಕ್ಕದಲ್ಲಿ ಗುರುತು ಕೊಡಿ. ರೆಡ್‌ಬ್ಯಾಕ್: ಹೆಣ್ಣು ಬಟಾಣಿ ಕಾಳಿನಷ್ಟು, ಕಪ್ಪು, ಹೊಟ್ಟೆಯ ಬೆನ್ನಮೇಲೆ ಕೆಂಪು ಪಟ್ಟೆ. ಪಟ್ಟೆ ಕೆಲವಕ್ಕೆ ಮಸುಕಾಗಿರುತ್ತದೆ, ಕೆಂಬೆನ್ನೊಂದನ್ನೇ ನಂಬುವಂತಿಲ್ಲ. ಫನೆಲ್‌ವೆಬ್: ಎಣ್ಣೆ ಸವರಿದಂತೆ ಹೊಳೆಯುವ ಕಪ್ಪು, ದಪ್ಪ ಮೈ, ನೆಲದ ಬಿಲ. ಬೇಸಿಗೆಯಲ್ಲಿ ಹೆಣ್ಣನ್ನು ಹುಡುಕಿ ಮನೆಯೊಳಗೆ ಬರುವುದು ಗಂಡು, ಹೆಚ್ಚು ಅಪಾಯವೂ ಅದರದೇ. ಈಜುಕೊಳದ ತಳದಲ್ಲಿ ಸತ್ತಂತೆ ಬಿದ್ದಿದ್ದರೂ ಗಂಟೆಗಟ್ಟಲೆ ಬದುಕಿರುತ್ತದೆ, ಕೈ ಹಾಕಬಾರದು.

ನಿಜವಾಗಿ ಹೆದರಬೇಕಾದದ್ದು ಮೂರನೆಯದಕ್ಕೆ. ನಮ್ಮೂರುಗಳಲ್ಲಿ ಹಾವು ಕಚ್ಚಿದರೆ ಗಾಯದ ಮೇಲ್ಗಡೆ ಹಗ್ಗ ಬಿಗಿಯುವ ರೂಢಿ. ‘ಬಿಗಿಯಾಗಿ ಕಟ್ಟಿ’ ಎಂದು ಓದಿದ ಕೂಡಲೇ ಕೈ ಟವೆಲಿಗೆ ಹೋಗುತ್ತದೆ, ರಕ್ತ ನಿಂತು ಕಾಲಿಗೇ ಕುತ್ತು. ಬೇಕಾದ ಕ್ರಿಯಾಪದ ‘ಸುತ್ತು’. 10–15 ಸೆಂ.ಮೀ. ಅಗಲದ ಎಲಾಸ್ಟಿಕ್ ಬ್ಯಾಂಡೇಜು ಮೊದಲು ಕಚ್ಚಿದ ಜಾಗದ ಮೇಲೆ, ಆಮೇಲೆ ಬೆರಳುಗಳ ಕಡೆಯಿಂದ ಮೇಲಕ್ಕೆ ಇಡೀ ಕೈಗೆ ಅಥವಾ ಕಾಲಿಗೆ. ಉಳುಕಿದ ಪಾದಕ್ಕೆ ಸುತ್ತುವಷ್ಟು ಬಿಗಿ ಸಾಕು. ಪಟ್ಟಿಕೋಲು ಇಟ್ಟು ಅಲುಗದಂತೆ ಮಾಡಿ, ನಡೆಸಬೇಡಿ. ವಿಷ ಹರಡುವುದು ಹೆಚ್ಚಾಗಿ ದುಗ್ಧರಸದ (ಲಿಂಫ್) ನಾಳಗಳಲ್ಲಿ, ಮೆಲ್ಲನೆಯ ಒತ್ತಡವೂ ಅಲುಗದಿರುವುದೂ ಅದನ್ನು ತಡೆಯುತ್ತವೆ.

ಈ ಎರಡು ಜೇಡಗಳಲ್ಲಿ ಇದು ಫನೆಲ್‌ವೆಬ್‌ಗೆ ಮಾತ್ರ. ರೆಡ್‌ಬ್ಯಾಕ್‌ಗೆ ಸುತ್ತಲೇಬಾರದು: ಅದರ ವಿಷ ನಿಧಾನ, ಒತ್ತಿದರೆ ನೋವು ಹೆಚ್ಚುತ್ತದೆ. ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟು, ನೋವು ಹರಡಿದರೆ ಅಥವಾ ಬೆವರು ಕಿತ್ತುಕೊಂಡರೆ ಆಸ್ಪತ್ರೆಗೆ. ಎರಡನ್ನೂ ಒಂದೇ ಪ್ಯಾರಾದಲ್ಲಿ ಹಾಕಬೇಡಿ. ಆಂಟಿವೆನಮ್‌ಗೆ ‘ಪ್ರತಿವಿಷ’ ಸಾಕು. 1981ರಲ್ಲಿ ಅದು ಬಂದ ಮೇಲೆ ಫನೆಲ್‌ವೆಬ್ ಕಚ್ಚಿ ಯಾರೂ ಸತ್ತಿಲ್ಲ. ಹಿರಿಯರು ಗಾಬರಿಯಾಗದಂತೆ ಅದನ್ನೂ ಬರೆಯಿರಿ.

— ಕೆ. ಜಿ.

---

ಹೊರಗಿನದೆಲ್ಲ ಹೆಸರು ಸಮೇತ ಒಳಗೆ ಬರಬೇಕೆಂದರೆ ಭಾಷೆ ಏಕೆ ಬೇಕು? ಪೋರ್ಚುಗೀಸರು ತಂದ ಕಾಯಿಗೆ ನಮ್ಮವರು ಮೆಣಸಿನಕಾಯಿ ಎಂದು ಹೆಸರಿಟ್ಟರು.

— ವಿ. ರಾ.

---

ಅನಾನಸೂ ಅವರೇ ತಂದದ್ದು. ಅದಕ್ಕೇಕೆ ಇಡಲಿಲ್ಲ?

— ಕೆ. ಜಿ.

---

ಇಬ್ಬರೂ ಸ್ವಲ್ಪ ಸುಮ್ಮನಿರಿ. ಮಾತಿನಲ್ಲಿ ‘ಮೂಲೆಯಲ್ಲಿ ಜೇಡ ಕಟ್ಟಿದೆ’ ಎಂದರೆ ಬಲೆ, ಹಬ್ಬಕ್ಕೆ ಮುಂಚೆ ಪೊರಕೆಯಲ್ಲಿ ಹೊಡೆಯುವಂಥದ್ದು. ‘ಜೇಡ ಇದೆ, ಎಚ್ಚರ’ ಎಂದು ಹಾಕಿದರೆ ಅಮ್ಮಂದಿರು ಪೊರಕೆ ಹುಡುಕುತ್ತಾರೆ. ಶೀರ್ಷಿಕೆಯಲ್ಲೇ ‘ಕಚ್ಚುವ’ ಬರಲಿ. ಜಾಗಗಳನ್ನೂ ಹೆಸರಿಸಿ: ಲೆಟರ್‌ಬಾಕ್ಸಿನ ಒಳಗೆ, ಹಿತ್ತಿಲ ಕುರ್ಚಿಯ ಅಡಿಗೆ, ಖಾಲಿ ಕುಂಡದ ಒಳಗೆ. ರಾತ್ರಿ ಹೊರಗೆ ಬಿಟ್ಟ ಚಪ್ಪಲಿ, ಬೂಟು, ತೋಟದ ಕೈಗವಸುಗಳನ್ನು ಕೊಡವಿಯೇ ಹಾಕಿಕೊಳ್ಳಬೇಕು.

— ಮಾ.

---

ವಂದನೆಗಳು. ಶೀರ್ಷಿಕೆ: ‘ಕಚ್ಚುವ ವಿಷದ ಜೇಡಗಳು: ರೆಡ್‌ಬ್ಯಾಕ್, ಫನೆಲ್‌ವೆಬ್’. ಎರಡಕ್ಕೂ ಬೇರೆ ಬೇರೆ ಚೌಕ. ಒಂದರಲ್ಲಿ ‘ಬ್ಯಾಂಡೇಜು ಸುತ್ತಿ, ಹಗ್ಗ ಕಟ್ಟಬೇಡಿ, 000’. ಇನ್ನೊಂದರಲ್ಲಿ ‘ಸುತ್ತಬೇಡಿ, ಐಸ್ ಇಡಿ’, ಕೆಳಗೆ ವಿಷ ಮಾಹಿತಿ ಕೇಂದ್ರದ 13 11 26. ರಾಯರೇ, ಕೆಂಬೆನ್ನು ಚಿತ್ರದ ಅಡಿಯಲ್ಲಿದೆ.

— ಎಸ್.

---

ಅಡಿಯಲ್ಲಿ!

— ವಿ. ರಾ.