ತಮ್ಮ ರಿಯಾದ್‌ನಲ್ಲಿದ್ದಾನೆ, ಇಕಾಮಾ ಮುಗಿದಿದೆ: ವಕೀಲರಿಗೆ ನಿಮ್ಮ ಪ್ರಶ್ನೆಗಳು

ಪ್ರಶ್ನೆ (ಹುಮನಾಬಾದ್): ನನ್ನ ತಮ್ಮ, ಎಲ್ಲಿ ಬೇಕಾದರೂ ದುಡಿಯಬಹುದು ಅಂತ ಮಾರುವ ಆಜಾದ್ ವೀಸಾ ಕೊಂಡು ರಿಯಾದ್‌ಗೆ ಹೋಗಿದ್ದಾನೆ. ವೀಸಾದಲ್ಲಿ ಮನೆ ಡ್ರೈವರ್ ಅಂತಿದೆ, ಮಾಡುವುದು ಪೇಂಟಿಂಗ್. ಯಾರ ಹೆಸರಿನಲ್ಲಿ ವೀಸಾ ಇದೆಯೋ ಆ ಮಾಲೀಕನಿಗೆ, ಅಂದರೆ ಕಫೀಲನಿಗೆ, ತಿಂಗಳು ತಿಂಗಳು ದುಡ್ಡು ಕೊಡುತ್ತಿದ್ದ. ಈಗ ಇಕಾಮಾ, ಅಂದರೆ ಅಲ್ಲಿ ಇರಲು ಕೊಡುವ ಪರವಾನಗಿ, ಮುಗಿದಿದೆ, ಕಫೀಲ ಫೋನ್ ಎತ್ತುತ್ತಿಲ್ಲ. ಆದರೂ "ಕೆಲಸ ಸಿಗ್ತಿದೆ ಅಕ್ಕ, ಚಿಂತೆ ಮಾಡಬೇಡ" ಅಂತಾನೆ. ಇಕಾಮಾ ಇಲ್ಲದೆ ಕೆಲಸ ಹೇಗೆ ಸಿಗುತ್ತದೆ? ಸಿಕ್ಕಿಬಿದ್ದರೆ ಗತಿ ಏನು?

ಉತ್ತರ: ತಮ್ಮ ಸುಳ್ಳು ಹೇಳುತ್ತಿಲ್ಲ ಅಕ್ಕ. ಕೆಲಸ ಸಿಗುತ್ತದೆ. ಹಾಗೆ ಸಿಗುವುದರಿಂದಲೇ ಹುಡುಗರು ವರ್ಷಗಟ್ಟಲೆ ಅಲ್ಲೇ ಉಳಿದುಬಿಡುತ್ತಾರೆ. ಕಷ್ಟ ಇರುವುದು ಮಾಡಿದ ಕೆಲಸದ ಕೂಲಿ ಕೈಗೆ ಬರುವುದರಲ್ಲಿ.

ರಿಯಾದ್‌ನ ಬತ್ಹಾ ಕಡೆ ಭಾರತ, ಪಾಕಿಸ್ತಾನ, ಬಾಂಗ್ಲಾದೇಶದ ಜನ ತುಂಬಾ. ಬೆಳಗ್ಗೆ ಹುಡುಗರು ರಸ್ತೆ ಬದಿ ನಿಲ್ಲುತ್ತಾರೆ. ಪಿಕಪ್ ಬರುತ್ತದೆ, ಇಬ್ಬರನ್ನೋ ಮೂವರನ್ನೋ ಹತ್ತಿಸಿಕೊಂಡು ಹೋಗುತ್ತದೆ. ಪೇಂಟಿಂಗ್, ಟೈಲ್ಸ್, ಎಸಿ ರಿಪೇರಿ, ಸಾಮಾನು ಹೊರುವುದು. ಉಳಿದ ಕೆಲಸ ಊರಿನವರ ಬಾಯಿಂದ ಬಾಯಿಗೆ ಬರುತ್ತದೆ. ನಮ್ಮ ಬೀದರ್, ಕಲಬುರಗಿ ಹುಡುಗರಿಗೆ ದಖನಿ ಉರ್ದು ಬರುವುದರಿಂದ ಹೈದರಾಬಾದಿನವರ ಜೊತೆ ಬೇಗ ಬೆರೆಯುತ್ತಾರೆ. ಅವರೇ ರೂಮಿನಲ್ಲಿ ಒಂದು ಬೆಡ್ ಕೊಡಿಸುತ್ತಾರೆ, ಬೇರೆಯವರ ಹೆಸರಿನ ಸಿಮ್ ಕೊಡುತ್ತಾರೆ, ಅಡುಗೆ ಖರ್ಚು ಹಂಚಿಕೊಳ್ಳುತ್ತಾರೆ. ಜ್ವರ ಬಂದರೆ ಮೆಡಿಕಲ್ ಶಾಪಿನ ಮಾತ್ರೆ. ದೊಡ್ಡ ಆಸ್ಪತ್ರೆಗೆ ಹೋಗಲು ಹೆದರಿಕೆ.

ಆದರೆ ವಾರ ದುಡಿಸಿಕೊಂಡು ಮೇಸ್ತ್ರಿ ಫೋನ್ ಆಫ್ ಮಾಡಿದರೆ? ಪೊಲೀಸರ ಹತ್ತಿರ ಹೋಗುವ ಧೈರ್ಯ ಇವರಿಗಿಲ್ಲ ಅನ್ನುವುದು ಅವನಿಗೂ ಗೊತ್ತು. ನನ್ನ ಬಳಿ ಬರುವ ಕೇಸುಗಳಲ್ಲಿ ಜಾಸ್ತಿ ನೋವು ಕೊಡುವುದು ಇದೇ.

ಇನ್ನೊಂದು ಮಾತು. ಆಜಾದ್ ವೀಸಾ ಅನ್ನುವುದು ಸೌದಿ ಕಾನೂನಿನಲ್ಲಿ ಇಲ್ಲವೇ ಇಲ್ಲ. ಕಫೀಲನ ಹೆಸರಿನಲ್ಲಿ ಬಂದು ಹೊರಗೆ ದುಡಿದರೆ, ಇಕಾಮಾ ಚಾಲ್ತಿಯಲ್ಲಿದ್ದರೂ ಅದು ತಪ್ಪೇ. ಇಕಾಮಾ ನವೀಕರಣ ಮಾಡಿಸಬೇಕಾದವನೂ, ಅದರ ಖರ್ಚು ಕೊಡಬೇಕಾದವನೂ ಕಫೀಲನೇ. ಅವನು ಮಾಡಲಿಲ್ಲ, ಶಿಕ್ಷೆ ನಿಮ್ಮ ತಮ್ಮನಿಗೆ. ಇದು ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ.

ಈಗ ಮಾಡಬೇಕಾದದ್ದು: ತಮ್ಮ ರಿಯಾದ್‌ನ ಭಾರತೀಯ ರಾಯಭಾರ ಕಚೇರಿಗೆ ಹೋಗಲಿ. "ಕೆಲಸ ಬಿಟ್ಟು ಓಡಿಹೋಗಿದ್ದಾನೆ" ಎಂದು ಕಫೀಲ ಬರೆಸಿದ್ದರೆ ಅದಕ್ಕೆ ಹುರೂಬ್ ಅಂತಾರೆ. ಅದು ಬಿದ್ದಿದೆಯೋ ಇಲ್ಲವೋ ಅಲ್ಲಿ ಕೇಳಿ ತಿಳಿದುಕೊಳ್ಳಲಿ. ಇಕಾಮಾ ಮುಗಿದವರನ್ನೂ ಹುರೂಬ್ ಬಿದ್ದವರನ್ನೂ ಊರಿಗೆ ಕಳಿಸಲು ಕಚೇರಿಯವರು ಹೆಸರು ಬರೆದುಕೊಂಡು ಎಕ್ಸಿಟ್, ಅಂದರೆ ದೇಶ ಬಿಡುವ ಅನುಮತಿ, ಮಾಡಿಸಲು ಪ್ರಯತ್ನಿಸುತ್ತಾರೆ. ಪಾಸ್‌ಪೋರ್ಟ್ ಕಫೀಲನ ಹತ್ತಿರ ಸಿಕ್ಕಿಕೊಂಡಿದ್ದರೆ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತಾರೆ, ನಮ್ಮವರು ಔಟ್‌ಪಾಸ್ ಅನ್ನುವುದು ಅದಕ್ಕೇ. ಟಿಕೆಟ್‌ಗೂ ಗತಿಯಿಲ್ಲದವರಿಗೆ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ನೀವು ಇಲ್ಲಿಂದಲೇ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ದೂರು ಹಾಕಿ. ರೇಡ್‌ನಲ್ಲಿ ಸಿಕ್ಕಿಬಿದ್ದರೆ ತರ್ಹೀಲ್‌ನಲ್ಲಿ, ಅಂದರೆ ಗಡೀಪಾರು ಕೇಂದ್ರದಲ್ಲಿ ಇಟ್ಟು, ಬೆರಳಚ್ಚು ತೆಗೆದುಕೊಂಡು ಕಳಿಸುತ್ತಾರೆ. ಆಮೇಲೆ ಕೆಲಸಕ್ಕೆ ಮತ್ತೆ ಸೌದಿಗೆ ಹೋಗುವ ಆಸೆ ಬಿಡಬೇಕಾಗುತ್ತದೆ.

ಪ್ರಶ್ನೆ (ಶಹಾಪುರ, ಯಾದಗಿರಿ): ನನ್ನ ಗಂಡ ವಿಸಿಟ್ ವೀಸಾದಲ್ಲಿ ದುಬೈಗೆ ಹೋಗಿದ್ದಾರೆ. "ಅಲ್ಲಿ ಹೋದ ಮೇಲೆ ಕೆಲಸದ ವೀಸಾ ಮಾಡಿಸ್ತೀನಿ" ಅಂದಿದ್ದ ಏಜೆಂಟ್ ಈಗ ಕಾಣುತ್ತಿಲ್ಲ. ಅವರು ಓದಿದ್ದು ಏಳನೇ ಕ್ಲಾಸ್.

ಉತ್ತರ: ಏಳನೇ ಕ್ಲಾಸ್ ಅಂದಿರಲ್ಲ, ಏಜೆಂಟ್ ವಿಸಿಟ್ ವೀಸಾ ಹಿಡಿಸಿದ್ದು ಅದಕ್ಕೇ. ಹತ್ತನೇ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್, ಅಂದರೆ ಕೆಲಸಕ್ಕೆ ಹೋಗುವ ಮುಂಚೆ ಸರ್ಕಾರದ ಪರಿಶೀಲನೆ ಬೇಕಾದದ್ದು. ಅಂಥವರು ಯುಎಇ, ಸೌದಿ, ಕುವೈತ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರ್ಕಾರದ ಅನುಮತಿ ಬೇಕು, ಜೊತೆಗೆ 10 ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ವಿಸಿಟ್ ವೀಸಾದಲ್ಲಿ ಕಳಿಸಿದರೆ ಏಜೆಂಟ್ ಅದೆಲ್ಲವನ್ನೂ ತಪ್ಪಿಸಿಕೊಳ್ಳುತ್ತಾನೆ. ನಿಮ್ಮ ಯಜಮಾನರಿಗೆ ಆ ವಿಮೆಯ ರಕ್ಷಣೆಯೂ ಇಲ್ಲ.

ವಿಸಿಟ್ ವೀಸಾದಲ್ಲಿ ದುಡಿಯುವುದು ಯುಎಇಯಲ್ಲಿ ಅಪರಾಧ. ಅವಧಿ ಮೀರಿದರೆ ದಿನಕ್ಕೆ 50 ದಿರ್ಹಂ ದಂಡ, ತಿಂಗಳಿಗೆ 1,500. ನಿಂತಷ್ಟೂ ಅದು ಸಾಲದ ಬಡ್ಡಿಯ ಹಾಗೆ ಬೆಳೆಯುತ್ತದೆ. 2024ರ ಸೆಪ್ಟೆಂಬರ್‌ನಿಂದ ಡಿಸೆಂಬರ್ ತನಕ ಅಲ್ಲಿ ಕ್ಷಮಾದಾನ ಇತ್ತು, ಆಗ ದಂಡವಿಲ್ಲದೆ ಬರಬಹುದಿತ್ತು. ಇನ್ನೊಂದು ಬರುತ್ತದೆ ಅಂತ ದಯವಿಟ್ಟು ಕಾಯಬೇಡಿ. ದುಬೈ ಕಾನ್ಸುಲೇಟ್‌ಗೆ ಇವತ್ತೇ ಫೋನ್ ಮಾಡಿಸಿ. ಏಜೆಂಟ್‌ಗೆ ಕೊಟ್ಟ ದುಡ್ಡಿನ ಫೋನ್‌ಪೇ ದಾಖಲೆ, ವಾಟ್ಸಾಪ್ ಮಾತು ಯಾವುದನ್ನೂ ಅಳಿಸಬೇಡಿ. ಠಾಣೆಯಲ್ಲಿ ದೂರು ಕೊಡಲು ಅವು ಬೇಕು.

ಪ್ರಶ್ನೆ (ಆಳಂದ): ಸೌದಿಯಲ್ಲಿರುವ ಅಣ್ಣನ ಇಕಾಮಾ ಮುಗಿದಿದೆ. ಅವನು ಹುಂಡಿಯಲ್ಲಿ, ಅಂದರೆ ಬ್ಯಾಂಕ್ ಬಿಟ್ಟು ಮಧ್ಯದವರ ಕೈಯಿಂದ, ದುಡ್ಡು ಕಳಿಸುತ್ತಾನೆ. ತೊಂದರೆ ಇದೆಯಾ ಸರ್?

ಉತ್ತರ: ಇದೆ. ವಿದೇಶಿ ಹಣದ ವ್ಯವಹಾರದ ಫೆಮಾ ಕಾನೂನಿನ ಪ್ರಕಾರ ಹುಂಡಿ ಅಕ್ರಮ, ಮಧ್ಯದವನು ನುಂಗಿದರೆ ಕೇಳುವವರೂ ಇಲ್ಲ. ಇಕಾಮಾ ಇಲ್ಲದವನಿಗೆ ಬ್ಯಾಂಕ್ ದಾರಿ ಮುಚ್ಚಿರುತ್ತದೆ ಅನ್ನುವುದು ನನಗೂ ಗೊತ್ತು. ಅದಕ್ಕೇ ಮೊದಲು ಅವನ ಇಕಾಮಾ ವಿಷಯ ನೋಡಿ.

ಪ್ರಶ್ನೆ (ಕಲಬುರಗಿ): ನನಗೂ ಒಬ್ಬರು ಕುವೈತ್ ಕೆಲಸ ಇದೆ ಅಂತಿದ್ದಾರೆ. ಒಂದೂವರೆ ಲಕ್ಷ ಕೇಳುತ್ತಿದ್ದಾರೆ. ನಂಬಬಹುದಾ?

ಉತ್ತರ: ದುಡ್ಡು ಕೊಡಬೇಡಿ. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಗರಿಷ್ಠ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ, ಅದಕ್ಕೂ ರಸೀದಿ ಕೊಡಬೇಕು. ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಅವರ ಹೆಸರಿದೆಯೇ ನೋಡಿ. ಸೆಕ್ಯುರಿಟಿ ಕೆಲಸ ಅಂತ ನಂಬಿ ರಷ್ಯಾಕ್ಕೆ ಹೋದ ನಮ್ಮ ಕಲಬುರಗಿ ಹುಡುಗರನ್ನು ಯುದ್ಧದ ಜಾಗಕ್ಕೆ ಕಳಿಸಿದ್ದರು, ಅವರು ಮನೆ ಸೇರಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಅನುಮಾನ ಬಂದರೆ 1800 11 3090ಕ್ಕೆ ಕರೆ ಮಾಡಿ. ಅದು ವಿದೇಶಾಂಗ ಸಚಿವಾಲಯದ ಉಚಿತ ಸಹಾಯವಾಣಿ. ಏಜೆಂಟ್ ಕೊಟ್ಟ ಕೆಲಸದ ಪತ್ರ ಇದ್ದರೆ ಫೋಟೋ ಕಳಿಸಿ, ನಾನೂ ಓದಿ ನೋಡುತ್ತೇನೆ.