ಸಹಾಯ ಬೇಕು: ಅಮ್ಮನ ಕಾಗದಪತ್ರಗಳಲ್ಲಿ ಯಾವುದು ಮೊದಲು?

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 78. ಮರೆವು ಶುರುವಾಗಿದೆ, ತಿಳಿವಳಿಕೆ ಇನ್ನೂ ಚೆನ್ನಾಗಿದೆ. ಮೊನ್ನೆ ಬ್ಯಾಂಕಿನಲ್ಲಿ ಮೂರು ಸಲ ಸಹಿ ಹಾಕಿಸಿದರು, ಮೂರೂ ಬೇರೆ ಬೇರೆ ಥರ ಬಂತು. ಪೆನ್ನು ಕೆಳಗಿಟ್ಟು ಸುಮ್ಮನೆ ನನ್ನ ಮುಖ ನೋಡಿದಳು. ಅವತ್ತಿನಿಂದ ನನಗೆ ನಿದ್ದೆಯಿಲ್ಲ.

ವಿಲ್ ಬರೆಸಿದ್ದಾಳೆ. ಆದರೆ ಅದು ಅವಳು ಹೋದ ಮೇಲಿನ ಮಾತು, ನನಗೆ ಬೇಕಿರೋದು ಬದುಕಿರುವಾಗಿನದು. ಮಾಮೂಲಿ ಪವರ್ ಆಫ್ ಅಟಾರ್ನಿ (ನಮ್ಮ ಪರವಾಗಿ ವ್ಯವಹಾರ ಮಾಡೋಕೆ ಇನ್ನೊಬ್ಬರಿಗೆ ಬರೆದುಕೊಡುವ ಅಧಿಕಾರಪತ್ರ), ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಸಾಮಾನ್ಯವಾಗಿ ಬಿದ್ದುಹೋಗುತ್ತದಂತೆ. ಅಂದರೆ ನಿಜಕ್ಕೂ ಬೇಕಾದಾಗಲೇ ಕೈಗೆ ಸಿಗಲ್ಲ! ಆಮೇಲೆ ಕೋರ್ಟಿಗೆ ಹೋಗಿ ಪಾಲಕತ್ವ ತರುವುದೊಂದೇ ದಾರಿಯಾ?

ಐಸಿಯು, ವೆಂಟಿಲೇಟರ್ ಬಗ್ಗೆ ಅವಳ ಇಚ್ಛೆಯನ್ನೂ ಈಗಲೇ ಬರೆಸಿಡಬೇಕು ಅಂತಿದ್ದೇನೆ. ಅದಕ್ಕೆ ಸಾಕ್ಷಿ ಯಾರಿರಬೇಕು? ಸಹಿ ಹಾಕುವ ದಿನದ ಡಾಕ್ಟರ್ ಸರ್ಟಿಫಿಕೇಟ್ ಇದ್ದರೆ ಮುಂದೆ ತಕರಾರು ತಪ್ಪುತ್ತಾ? ಮಾಡಿಸಿದವರು ದಯವಿಟ್ಟು ಹೇಳಿ.