ಬಯಾಸ್ ಅಪ್‌ಡೇಟ್ ಮಧ್ಯೆ ಕರೆಂಟ್ ಹೋಯ್ತು, ಈಗ ಡಿಸ್‌ಪ್ಲೇ ಇಲ್ಲ

ಪ್ರಶ್ನೆ:
ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್. ವಿಂಡೋಸ್ ಒಳಗಿನ ಟೂಲ್ ತಾನೇ ಫೈಲ್ ತಂದು ಬಯಾಸ್ (ಕಂಪ್ಯೂಟರ್ ಶುರುವಾಗುವಾಗ ಮೊದಲು ಓಡುವ, ಬೋರ್ಡಿನ ಚಿಪ್ಪಿನಲ್ಲಿರುವ ಪ್ರೋಗ್ರಾಂ) ಬರೆಯುತ್ತಿತ್ತು, ಅಷ್ಟರಲ್ಲಿ ಕರೆಂಟ್ ಹೋಯಿತು. ಈಗ ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಕಪ್ಪು, ಬೀಪ್ ಕೂಡ ಇಲ್ಲ. ಬೋರ್ಡಿನ ನಾಣ್ಯದಂಥ ಬ್ಯಾಟರಿ ತೆಗೆದು ಮತ್ತೆ ಹಾಕಿದರೂ ಅಷ್ಟೇ. ಏಸಸ್ ಬೋರ್ಡು, ಇಂಟೆಲ್ ಎಚ್61 ಚಿಪ್‌ಸೆಟ್ (ಬೋರ್ಡಿನ ಮುಖ್ಯ ನಿಯಂತ್ರಕ ಚಿಪ್). ಯಾವುದಾದರೂ ಎಚ್61 ಬಯಾಸ್ ಹಾಕಿದರೆ ನಡೆಯುತ್ತಾ?

ಉತ್ತರ:
ದಯವಿಟ್ಟು ಹಾಗೆ ಮಾಡಬೇಡಿ. ಚಿಪ್‌ಸೆಟ್ ಒಂದೇ ಆದರೂ ಬೋರ್ಡ್ ಬದಲಾದರೆ ಬಯಾಸ್ ಬೇರೆ. ಮೊದಲು ಪೂರ್ತಿ ಹೆಸರು ಹುಡುಕಿ. ಟಾರ್ಚ್ ಹಿಡಿದು ಪಿಸಿಐ ಸ್ಲಾಟುಗಳ ನಡುವೆ, ಪ್ರೊಸೆಸರ್ ಸುತ್ತ ನೋಡಿ, ದಪ್ಪ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಹೆಸರಿನ ಕೊನೆಯಲ್ಲಿ 'ಆರ್2.0' ಇದೆಯಾ ಅನ್ನುವುದನ್ನು ಬಿಡಬೇಡಿ, ಅದು ಮಾಡೆಲ್ ಹೆಸರಿನದೇ ಭಾಗ. ಪಕ್ಕದಲ್ಲಿ ಸಣ್ಣದಾಗಿ 'ರೆವ್ 1.0x' ಅಂತಿದ್ದರೆ ಅದು ಬೋರ್ಡಿನ ಆವೃತ್ತಿ ಸಂಖ್ಯೆ, ಹೆಸರಿನ ಭಾಗವಲ್ಲ. ಬಯಾಸ್ ಚಿಪ್ ಮೇಲಿನ ಬರಹವನ್ನೂ ಬರೆದುಕೊಳ್ಳಿ.

ಪ್ರಶ್ನೆ:
ಪಿ8ಎಚ್61-ಎಂ ಎಲ್‌ಎಕ್ಸ್ ಆರ್2.0. ಎಂಟು ಕಾಲಿನ ಚಿಪ್, ಸಾಕೆಟ್‌ನಲ್ಲಿದೆ. ವಿನ್‌ಬಾಂಡ್ 25ಕ್ಯೂ64ಬಿವಿ.

ಉತ್ತರ:
ಸಾಕೆಟ್ ಇರುವುದು ನಿಮ್ಮ ಪುಣ್ಯ. ಬೆಸುಗೆ ಬೇಡ, ಕ್ಲಿಪ್ಪೂ ಬೇಡ. ಚಿಪ್ 3.3 ವೋಲ್ಟಿನದು, ಸಿಎಚ್341ಎ ಪ್ರೋಗ್ರಾಮರ್ (ಇನ್ನೊಂದು ಕಂಪ್ಯೂಟರಿನ ಯುಎಸ್‌ಬಿಗೆ ಸಿಕ್ಕಿಸಿ ಚಿಪ್ ಓದಿ ಬರೆಯುವ ಸಣ್ಣ ಸಾಧನ) ಸಾಕು. ಬೆಂಗಳೂರಾದರೆ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೇಳಿ ನೋಡಿ. ಪವರ್ ಕೇಬಲ್ ಕಿತ್ತು, ಚಿಪ್ಪಿನ ಕಚ್ಚು ಯಾವ ಕಡೆಗಿದೆ ಅಂತ ಫೋಟೋ ತೆಗೆದು, ಆಮೇಲೆ ನಿಧಾನವಾಗಿ ಎತ್ತಿ. ಪ್ರೋಗ್ರಾಮರಿನಲ್ಲಿ '25' ಅಂತ ಬರೆದ ಭಾಗದಲ್ಲೇ ಕೂರಿಸಿ.

ಬರೆಯುವ ಮುಂಚೆ ಓದಿ. ಫ್ಲ್ಯಾಶ್‌ರಾಮ್ ಎಂಬ ಪ್ರೋಗ್ರಾಮಿನಲ್ಲಿ ಎರಡು ಸಲ ಓದಿ ಎರಡು ಫೈಲ್ ಮಾಡಿ, ಎರಡರ ಎಸ್‌ಎಚ್‌ಎ256 (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಹೋಲಿಸಿ. ಒಂದೇ ಬಂದರೆ ಮಾತ್ರ ಸಂಪರ್ಕ ಸರಿಯಿದೆ ಅಂತ ಅರ್ಥ. ಹಾಳಾದ ಬಯಾಸ್ ಯಾಕೆ ಬೇಕು ಅನ್ನಬೇಡಿ. ನಿಮ್ಮ ಬೋರ್ಡಿನ ಸೀರಿಯಲ್ ನಂಬರ್, ಯುಯುಐಡಿ (ಬೋರ್ಡಿನ ಗುರುತಿನ ಸಂಖ್ಯೆ), ಮ್ಯಾಕ್ ವಿಳಾಸ (ನೆಟ್‌ವರ್ಕ್ ಗುರುತು) ಅದರೊಳಗೆ ಉಳಿದಿರಬಹುದು. ಏಸಸ್ ಸೈಟಿನಲ್ಲಿ ಸಿಗುವ ಫೈಲಿನಲ್ಲಿ ಅವು ಇರುವುದಿಲ್ಲ.

ಇನ್ನೊಂದು, ಜಾಸ್ತಿ ಜನ ಸಿಕ್ಕಿಬೀಳುವುದು ಇಲ್ಲೇ. ಏಸಸ್ ಸೈಟಿನ ಫೈಲ್ 'ಕ್ಯಾಪ್' (ಹೆಸರು .CAP ಅಂತ ಮುಗಿಯುವ ಕ್ಯಾಪ್ಸೂಲ್) ಆಗಿದ್ದರೆ ಅದರ ತಲೆಗೆ 2048 ಬೈಟ್ ಹೆಡರ್ ಅಂಟಿಕೊಂಡಿರುತ್ತದೆ. ಅದು ಚಿಪ್ಪಿಗೆ ಹೋಗಬಾರದು. ಯುಇಎಫ್‌ಐ ಟೂಲ್ ಎಂಬ ಪ್ರೋಗ್ರಾಮಿನಲ್ಲಿ ತೆರೆದು ಕ್ಯಾಪ್ಸೂಲಿನ 'ಬಾಡಿ' ಮಾತ್ರ ಹೊರತೆಗೆಯಿರಿ. ಉಳಿದ ಫೈಲ್ ಸರಿಯಾಗಿ 83,88,608 ಬೈಟ್ ಇರಬೇಕು, ಅಂದರೆ 8 ಎಂಬಿ. ಒಂದು ಬೈಟ್ ಹೆಚ್ಚುಕಡಿಮೆ ಇದ್ದರೂ ನಿಲ್ಲಿಸಿ. ಬರೆದ ಮೇಲೆ ಫ್ಲ್ಯಾಶ್‌ರಾಮ್ 'ವೆರಿಫೈಡ್' ಅನ್ನುವವರೆಗೂ ಚಿಪ್ ತೆಗೆಯಬೇಡಿ.

ಪ್ರಶ್ನೆ:
ಡಿಸ್‌ಪ್ಲೇ ಬಂತು! ತುಂಬಾ ಥ್ಯಾಂಕ್ಸ್. ಆದರೆ ವಿಂಡೋಸ್ ನೀಲಿ ಸ್ಕ್ರೀನ್ ಕೊಟ್ಟು ರೀಸ್ಟಾರ್ಟ್ ಆಗುತ್ತಿದೆ. ಬಯಾಸ್‌ನಲ್ಲಿ ಸೀರಿಯಲ್ ನಂಬರ್ ಕೂಡ ಕಾಣುತ್ತಿಲ್ಲ.

ಉತ್ತರ:
ಖುಷಿಯಾಯಿತು. ಸೆಟಿಂಗ್ ಎಲ್ಲ ಡಿಫಾಲ್ಟಿಗೆ ಹೋಗಿರುತ್ತದೆ, ಅಲ್ವಾ? ಸಾಟಾ ಮೋಡ್ (ಹಾರ್ಡ್ ಡಿಸ್ಕ್ ಜತೆ ಮಾತಾಡುವ ರೀತಿ, ಐಡಿಇ ಅಥವಾ ಎಎಚ್‌ಸಿಐ) ಬದಲಾಗಿರಬೇಕು. ಐಡಿಇ ಇದ್ದರೆ ಎಎಚ್‌ಸಿಐ ಮಾಡಿ, ಎಎಚ್‌ಸಿಐ ಇದ್ದರೆ ಐಡಿಇ ಮಾಡಿ ನೋಡಿ. ವಿಂಡೋಸ್ ಮತ್ತೆ ಹಾಕುವ ಅವಸರ ಬೇಡ. ಸೀರಿಯಲ್ ನಂಬರಿಗೆ ಎಫ್‌ಡಿ44 ಎಡಿಟರ್ (ಏಸಸ್ ಬಯಾಸ್ ಫೈಲಿನಲ್ಲಿ ಈ ವಿವರ ತಿದ್ದುವ ಪ್ರೋಗ್ರಾಂ) ಬಳಸಿ. ನೀವು ಓದಿಟ್ಟ ಹಳೇ ಫೈಲನ್ನು ಅದರಲ್ಲಿ ತೆರೆಯಿರಿ, ವಿವರ ಸಿಕ್ಕರೆ ಹೊಸ ಫೈಲಿಗೆ ಸೇರಿಸಿ ಇನ್ನೊಮ್ಮೆ ಬರೆಯಿರಿ.